ಮುಖ ಕಾಣದ ಹೊಳಪು

ಕರಡು ತಿದ್ದುವುದನ್ನೇ ವೃತ್ತಿಯಾಗಿಸಿಕೊಂಡಿದ್ದ ಆ ಹೆಂಗಸು ತಾನು ಮಾಡಿಸುತ್ತಿದ್ದ ಮೇಜಿಗೆ ವಿಧಿಸಿದ ನಿಬಂಧನೆ ಒಂದೇ ಆಗಿತ್ತು.

"ದೀಪ ಹಚ್ಚಿಕೊಂಡು ಕೂತಾಗ ಮೇಜಿನಲ್ಲಿ ನನ್ನ ಮುಖ ಕಾಣಬಾರದು. ಕಣ್ಣು ಸೋತಿದೆ, ಹೊಳಪು ಚುಚ್ಚುತ್ತೆ. ಹಾಗಂತ ಮರ ಬೂದಿ ಬಡಿದ ಹಾಗೂ ಇರಬಾರದು."

ಬಡಗಿ ಆ ಮಾತನ್ನು ಆಜ್ಞೆಯೆಂಬಂತೆ ಶಿರಸಾವಹಿಸಿದ. ಅವನ ಬಲಗೈಗೆ ನಡುಕ ಅಂಟಿಕೊಂಡು ವರ್ಷವೇ ಕಳೆದಿತ್ತು. ಉಳಿ ಹಿಡಿದರೆ ಗೆರೆ ತಪ್ಪುತ್ತಿತ್ತು. ಗರಗಸ ಆಗಲೇ ತಮ್ಮನ ಪಾಲಾಗಿತ್ತು. ಪಾಲಿಶಿನ ಬಟ್ಟೆಯೊಂದನ್ನು ಮಾತ್ರ ಅವನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಅದೂ ಕೈಬಿಟ್ಟರೆ, ತಾನೇ ಕಟ್ಟಿದ ಕಾರ್ಯಾಗಾರದಲ್ಲಿ ತಾನು ಮೂಲೆಯ ಕುರ್ಚಿಗೆ ಸಲ್ಲುವವನಾಗುತ್ತೇನೆಂಬ ಭಯ ಅವನನ್ನು ಒಳಗೊಳಗೇ ಕೊರೆಯುತ್ತಿತ್ತು.

ಮೇಜಿಗೆ ತಮ್ಮ ಅಂಟಿಸಿದ್ದು ಆಕ್ರೋಟು ಮರದ ವೆನೀರ್. ದಿಮ್ಮಿಯಿಂದ ಕಾಗದದಷ್ಟು ತೆಳ್ಳಗೆ ಸೀಳಿದ ಹಾಳೆಗಳು. ಒಂದರ ಪಕ್ಕದಲ್ಲೊಂದನ್ನು ಪುಸ್ತಕ ಬಿಡಿಸಿಟ್ಟಂತೆ ಮಗುಚಿ ಜೋಡಿಸಿದ್ದರಿಂದ ಎಡಹಾಳೆಯ ಎಳೆಗಳು ಬಲಹಾಳೆಯಲ್ಲಿ ಪ್ರತಿಬಿಂಬಿಸಿದ್ದವು. ಆ ದಿಮ್ಮಿಯ ಹಾಳೆಗಳು ಅಲ್ಲಿಗೆ ಮುಗಿದಿದ್ದವು. ಬೇರೆ ದಿಮ್ಮಿಯದು ಅದಕ್ಕೆ ಹೊಂದುತ್ತಿರಲಿಲ್ಲ.

"ಮ್ಯಾಟ್ ಲ್ಯಾಕರ್ ಸ್ಪ್ರೇ ಮಾಡಿಬಿಡೋಣ ಅಣ್ಣ. ಮಧ್ಯಾಹ್ನದೊಳಗೆ ಮುಗಿಯುತ್ತೆ," ಎಂದ ತಮ್ಮ.

"ನೀನು ಗಾಳಿ ಹೊಡೆಯೋನು. ಹೋಗಿ ಸೈಕಲ್ ಚಕ್ರಕ್ಕೆ ಹೊಡಿ. ಇದು ಕೈಯಲ್ಲಿ ಆಗಬೇಕಾದ ಕೆಲಸ."

ಹಳೆಯ ಹತ್ತಿಬಟ್ಟೆಯನ್ನು ಚೌಕವಾಗಿ ಕತ್ತರಿಸುತ್ತಿದ್ದ ಬಡಗಿಯ ಹೆಂಡತಿ ತಲೆಯೆತ್ತದೆಯೇ ಹೇಳಿದಳು: "ನಿಮ್ಮ ಮೂಗಿನ ತುದೀಲಿರೋ ಕೋಪಕ್ಕೂ ಒಂದು ಕೋಟ್ ಮ್ಯಾಟ್ ಹೊಡೆಸಿಕೊಳ್ರೀ. ಸ್ವಲ್ಪ ಹೊಳಪು ಇಳಿಯಲಿ."

ಮೈದುನ ನಕ್ಕ. ಬಡಗಿ ನಗಲಿಲ್ಲ.

ಅವನು ಉಳಿಕೆ ಹಾಳೆಯ ಮೂರು ತುಂಡುಗಳಿಗೆ ಮೂರು ಬಗೆಯ ಲೇಪ ಕೊಟ್ಟು, ಒಣಗಿದ ಮೇಲೆ ದೀಪದಡಿ ಓರೆಯಾಗಿ ಹಿಡಿದು ನೋಡಿದ. ಲ್ಯಾಕರಿನಡಿಯಲ್ಲಿ ಮರ ಗಾಜಿನ ಪೆಟ್ಟಿಗೆಯೊಳಗಿನ ವಸ್ತುವಿನಂತೆ ದೂರವಾಗಿ ಕಂಡಿತು. ಅರಗಿನ ಪಾಲಿಶು ಕನ್ನಡಿಯಾಗುವತ್ತ ಹೊರಟಿತ್ತು. ಅಗಸೆ ಎಣ್ಣೆ ಉಜ್ಜಿ ಮೇಣ ಹಚ್ಚಿದ ತುಂಡು ಮಾತ್ರ ಬೆಳಕನ್ನು ತನ್ನೊಳಗೆ ಇಳಿಸಿಕೊಂಡು ಮೃದುವಾಗಿ ಮಿನುಗುತ್ತಿತ್ತು.

"ಎಣ್ಣೆಯೇ," ಎಂದು ನಿರ್ಧರಿಸಿದ.

ಆ ನಿರ್ಧಾರಕ್ಕೆ ಅವನು ಬಾಯಿಬಿಡದ ಇನ್ನೊಂದು ಕಾರಣವೂ ಇತ್ತು. ಎಣ್ಣೆಗೆ ಕೈಯ ನಡುಕ ಗೊತ್ತಾಗುವುದಿಲ್ಲ. ಎಷ್ಟು ಉಜ್ಜಿದರೂ ಅದು ಸಹಿಸುತ್ತದೆ. ಕೈ ಎಲ್ಲಿ ನಿಂತರೂ ಕಲೆ ಉಳಿಸುವುದಿಲ್ಲ.

ಮರುದಿನ ಬೆಳಿಗ್ಗೆ ಎಂದಿನಂತೆ ಕಣ್ಣುಮುಚ್ಚಿ ದೇವರನ್ನು ನೆನೆದು, ಮೊದಲು ಮೇಜಿನ ಡ್ರಾಯರಿನ ಮುಖಕ್ಕೆ ಎಣ್ಣೆ ಹಚ್ಚಿದ. ಅದರ ಮೇಲೂ ಅದೇ ದಿಮ್ಮಿಯ ಎರಡು ಹಾಳೆಗಳು ನಡುವೆ ಕೂಡಿದ್ದವು. ನೋಡುನೋಡುತ್ತಿದ್ದಂತೆ ಎಡದ ಅರ್ಧ ನೆನೆದ ಮಣ್ಣಿನಂತೆ ಕಪ್ಪಿಟ್ಟಿತು. ಬಲದ ಅರ್ಧ ಮೊದಲಿನ ತಿಳಿಬಣ್ಣದಲ್ಲೇ ಉಳಿಯಿತು.

ಅವನು ಬಟ್ಟೆಯನ್ನು ಕೆಳಗಿಟ್ಟ.

ದಿಮ್ಮಿಯಿಂದ ಸೀಳುವಾಗ ಹಾಳೆಯ ಒಂದು ಮೈ ಬಿಗಿಯಾಗಿ ಉಳಿಯುತ್ತದೆ, ಇನ್ನೊಂದು ಕಣ್ಣಿಗೆ ಕಾಣದಂತೆ ಬಿರಿಯುತ್ತದೆ. ಮಗುಚಿ ಜೋಡಿಸಿದಾಗ ಒಂದರ ಬಿಗಿಮೈ, ಇನ್ನೊಂದರ ಬಿರಿದ ಮೈ ಮೇಲಾಗುತ್ತವೆ. ಬಿರಿದದ್ದು ಹೆಚ್ಚು ಎಣ್ಣೆ ಕುಡಿಯುತ್ತದೆ. ತಮ್ಮನಿಗೆ ಇದನ್ನು ಕಲಿಸಿದವನು ತಾನೇ. ಆದರೂ ಮೂರು ತುಂಡುಗಳಲ್ಲಿಯೂ ಬಿಗಿಮೈಯನ್ನೇ ಮೇಲೆ ಮಾಡಿ ಪರೀಕ್ಷಿಸಿದ್ದ, ಮಗುಚಿ ನೋಡಿರಲಿಲ್ಲ. ಪರೀಕ್ಷೆಗೆ ಮೊದಲೇ ಮನಸ್ಸು ಎಣ್ಣೆಗೆ ಸೋತಿತ್ತು.

ಹೆಂಡತಿ ಹತ್ತಿರ ಬಂದು ನೋಡಿದಳು. "ಉಜ್ಜಿ ತೆಗೀಬಹುದಾ?"

"ಉಜ್ಜಿದ್ರೆ ಹಾಳೆ ಸವೆದು ಅಡಿಯ ಅಂಟು ಕಾಣುತ್ತೆ. ಇದು ಹೀಗೇ ಇರುತ್ತೆ ಇನ್ನು."

ತಮ್ಮ ಚುಚ್ಚುಮಾತು ಆಡಬಹುದಿತ್ತು, ಆಡಲಿಲ್ಲ. ಇನ್ನೂ ಏನನ್ನೂ ಹಚ್ಚದ ಮೇಜಿನ ಮೇಲ್ಮೈಯ ಮೇಲೆ ಅಂಗೈ ಸವರಿ ಮೆಲ್ಲಗೆ ಹೇಳಿದ: "ಮೇಲಕ್ಕೆ ಎಣ್ಣೆ ಬೇಡ ಅಣ್ಣ. ಅರಗನ್ನೇ ತೀರಾ ತೆಳುವಾಗಿ ಕೊಟ್ರೆ ಎರಡು ಹಾಳೆಯ ಬಾಯೂ ಮುಚ್ಚುತ್ತೆ. ಕನ್ನಡಿ ಆಗೋಕೆ ಮುಂಚೆ ನಿಲ್ಲಿಸಿ, ಮೇಲೆ ಮೇಣ ಉಜ್ಜೋಣ. ನೀನೇ ಹೇಳಿಕೊಟ್ಟಿದ್ದು."

"ಅರಗಿಗೆ ನಿಲ್ಲದೆ ಸಾಗೋ ಕೈ ಬೇಕು. ನಡುವೆ ಅಳುಕಿದ್ರೆ ಬಟ್ಟೆ ಅಲ್ಲೇ ಕಚ್ಚಿಕೊಳ್ಳುತ್ತೆ."

ಬಡಗಿ ತನ್ನ ಬಲಗೈಯನ್ನು ಅಪರಿಚಿತನನ್ನು ದಿಟ್ಟಿಸುವಂತೆ ನೋಡಿದ.

"ನನ್ನ ಕೈಲಿ ಆಗಲ್ಲ," ಎಂದ.

ಈ ಮಾತನ್ನು ಅವನ ಹೆಂಡತಿಯೂ ಅದುವರೆಗೆ ಕೇಳಿರಲಿಲ್ಲ. ಅವಳು ಕತ್ತರಿಯನ್ನು ಸದ್ದಾಗದಂತೆ ಕೆಳಗಿಟ್ಟಳು.

ಅವನು ತನ್ನ ಕಪಾಟಿನಿಂದ ಬಿಗಿಮುಚ್ಚಳದ ಗಾಜಿನ ಭರಣಿಯನ್ನು ಇಳಿಸಿದ. ಒಣಗಿ ಗಟ್ಟಿಯಾಗದಿರಲೆಂದು ಸ್ಪಿರಿಟ್ಟಿನ ಹಬೆಯಲ್ಲಿ ಅವನು ಕಾಪಾಡಿಕೊಂಡು ಬಂದಿದ್ದ ಪಾಲಿಶಿನ ಬಟ್ಟೆಯ ಉಂಡೆ ಅದರಲ್ಲಿತ್ತು. ಅದನ್ನು ತಮ್ಮನ ಮುಂದಿಟ್ಟ.

"ನಾನು ಗಾಳಿ ಹೊಡೆಯೋನು ಅಣ್ಣ," ಎಂದ ತಮ್ಮ. ಅದರಲ್ಲಿ ಕೊಂಕಿರಲಿಲ್ಲ, ಹೆದರಿಕೆ ಇತ್ತು.

"ಗಾಳಿ ಹೊಡೆಯುವಾಗ್ಲೂ ನಿನ್ನ ಕೈ ನಿಲ್ಲಲ್ಲ. ನೋಡಿದ್ದೀನಿ. ಅಂಚಿನ ಆಚೆಯಿಂದ ಶುರು ಮಾಡು, ಅಂಚು ದಾಟಿ ಮುಗಿಸು. ಹಿಂದೆ ತಿರುಗಿ ನೋಡಬೇಡ."

ತಮ್ಮ ಉಂಡೆಗೆ ಅರಗು ಕುಡಿಸಿ ಹಿಂಡಿದ. ದಾರಿ ತೋರಿಸಲೆಂದು ಬಡಗಿ ಅವನ ಮುಂಗೈ ಮೇಲೆ ಕೈಯಿಟ್ಟವನು, ತನ್ನ ನಡುಕ ಅಲ್ಲಿಗೂ ಹರಿದೀತೆಂದು ಆ ಕ್ಷಣವೇ ಹಿಂತೆಗೆದುಕೊಂಡ. ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಂತ. ಉಂಡೆ ಮರದ ಮೇಲೆ ಇಳಿದು, ಎಳೆಗಳ ಗುಂಟ ಹರಿದು, ಆಚೆಯ ಅಂಚಿನಿಂದ ಮೇಲಕ್ಕೆದ್ದಿತು. ಎರಡು ಹಾಳೆಗಳೂ ಒಂದೇ ಬಣ್ಣಕ್ಕೆ ತಿರುಗಿದವು.

"ಸಾಕು," ಎಂದ ಬಡಗಿ, ಹೊಳಪು ಏಳುವ ಮುನ್ನವೇ.

ಒಣಗಿದ ಮೇಲೆ ಮೇಣದ ಸರದಿ. ಅದು ಅವನದೇ. ನಡುಗುವ ಕೈಯಿಂದ ಅವನು ದಿನವಿಡೀ ಉಜ್ಜಿದ. ಮೇಣ ಆ ನಡುಕವನ್ನು ಎಣಿಸಲಿಲ್ಲ.

ಮೇಜು ಒಯ್ಯಲು ಬಂದ ಹೆಂಗಸಿಗೆ ಅವನೇ ಡ್ರಾಯರ್ ತೋರಿಸಿದ. "ಇದು ನನ್ನ ತಪ್ಪು. ಬೇರೆ ಮರ ಹಾಕಿ ಮಾಡಿಕೊಡ್ತೀನಿ."

ಅವಳು ಕಪ್ಪಾದ ಅರ್ಧದ ಮೇಲೆ ಬೆರಳಾಡಿಸಿದಳು. "ಇರಲಿ ಬಿಡಿ. ನಾನೂ ತಿದ್ದಿ ತಿದ್ದಿ ಕಾಗದ ತೂತು ಮಾಡಿದ್ದಿದೆ. ಮೇಲಿನದು ತೋರಿಸಿ."

ತಮ್ಮ ದೀಪ ಹಚ್ಚಿ ಮೇಜಿನ ಮೇಲಿಟ್ಟ. ನಾಲ್ವರೂ ಬಾಗಿ ನೋಡಿದರು. ಅಲ್ಲಿ ಅವಳ ಮುಖ ಕಾಣಲಿಲ್ಲ. ಅಣ್ಣನದಾಗಲಿ ತಮ್ಮನದಾಗಲಿ ಕಾಣಲಿಲ್ಲ. ಮರವಷ್ಟೇ ಕಾಣುತ್ತಿತ್ತು.

ಮೇಜು ಹೋದ ಮೇಲೆ ತಮ್ಮ ಭರಣಿಯನ್ನು ಅಣ್ಣನ ಕಪಾಟಿಗೆ ಇಡಹೋದ.

"ಅಲ್ಲಲ್ಲ, ನಿನ್ನ ಕಡೆ," ಎಂದ ಬಡಗಿ. "ಮುಚ್ಚಳ ಬಿಗಿಯಾಗಿ ಹಾಕು. ಮೇಣದ ಡಬ್ಬಿ ಮಾತ್ರ ಇಲ್ಲಿರಲಿ."