ಸ್ನೋಯಿಯ ಕೂದಲು

ನೀಲವ್ವನ ಮಗಳು ಉಮಾಶ್ರೀ ನರಗುಂದದ ಕಾಳಿನ ವ್ಯಾಪಾರಿಗಳ ಮನೆಗೆ ಸೊಸೆಯಾಗಿ ಹೋದ ವರ್ಷವೇ ಗಂಡ ಅನಿಲಕುಮಾರ ಹುಬ್ಬಳ್ಳಿಯಿಂದ ಒಂದು ಪರ್ಶಿಯನ್ ಬೆಕ್ಕು ತಂದುಕೊಟ್ಟಿದ್ದ. ಹಾಲಿನ ಬಿಳುಪು, ಚಪ್ಪಟೆ ಮೂಗು, ನೆಲ ಗುಡಿಸುವಷ್ಟು ಉದ್ದ ಕೂದಲು. ಹೆಸರು ಸ್ನೋಯಿ. ಗೋದಾಮಿನಲ್ಲಿ ಇಲಿಗಳ ಕಾಟ ವಿಪರೀತವಿದ್ದುದರಿಂದ ಮಾವನಿಗೂ ಸಂತೋಷವಾಯಿತು. ಆದರೆ ಸ್ನೋಯಿ ಕಡಲೆ ಚೀಲದ ಮೇಲೆ ಮಲಗಿ, ಎದುರಿಗೇ ಹಾಯ್ದ ಇಲಿಯನ್ನು ಬಂದ ನೆಂಟರನ್ನು ನೋಡಿದಂತೆ ನೋಡಿ ಕಣ್ಣು ಮುಚ್ಚಿತು.

ಉಮಾಶ್ರೀ ಬಸುರಿಯಾದಾಗ ಬೆಕ್ಕಿನ ಕೂದಲು ಮನೆಯಲ್ಲಿ ಬೇಡವೆಂದು ಅವಳ ಅತ್ತೆ ಹಟ ಹಿಡಿದರು. ಅನಿಲಕುಮಾರ ಅದನ್ನು ಬುಟ್ಟಿಯಲ್ಲಿಟ್ಟುಕೊಂಡು ನೀಲವ್ವನ ಊರಾದ ಗಜೇಂದ್ರಗಡದ ಬಸ್ಸು ಹತ್ತಿದ.

"ಸ್ವಲ್ಪ ದಿನ ಇಟ್ಕೊಳ್ರಿ ಅತ್ತಿ. ದಿನಾ ಕೂದಲು ಹಿಕ್ಕಬೇಕು, ಕಣ್ಣು ಒರಸಬೇಕು. ಬ್ಯಾರೆ ಏನಿಲ್ರಿ" ಎಂದ.

ನೀಲವ್ವ ತಲೆಯಾಡಿಸಿದಳು. ಗಂಡ ತೀರಿಹೋಗಿ ಆರು ವರ್ಷ. ಮುಂಜಾನೆ ಸೀರೆ ನೇಯಲು ಮಗ್ಗದ ಕುಣಿಗೆ ಕಾಲು ಇಳಿಬಿಟ್ಟರೆ ಸಂಜೆಗೇ ಏಳುವುದು. ಎದ್ದಮೇಲೂ ಸೊಂಟ ಅರ್ಧ ತಾಸು ನೆಟ್ಟಗಾಗುತ್ತಿರಲಿಲ್ಲ.

ಆದರೂ ಬೆಕ್ಕಿನ ಸ್ವಭಾವ ಒಂದೊಂದಾಗಿ ತಿಳಿಯಿತು. ಮೂಗು ಒಳಗಿದ್ದುದರಿಂದ ಅದರ ಕಣ್ಣಲ್ಲಿ ಸದಾ ನೀರು. ಬಟ್ಟಲಲ್ಲಿ ಕೊಟ್ಟರೆ ತಿನ್ನಲು ಬಾರದು, ತಾಟಿನಲ್ಲೇ ಹರವಬೇಕು. ಬಿಸಿಲು ಏರಿದರೆ ಬಾಯಿ ತೆರೆದು ಏದುಸಿರು ಬಿಡುತ್ತದೆ. ಗೋಡೆ ಹತ್ತುವುದಿಲ್ಲ, ಕೂಗುವುದಿಲ್ಲ. ಲಾಳಿ ಅತ್ತಿತ್ತ ಓಡುವುದನ್ನು ನೋಡುತ್ತ ದಿನವಿಡೀ ಮಗ್ಗದ ಪಕ್ಕದ ತಂಪು ನೆಲದಲ್ಲಿ ಬಿದ್ದುಕೊಂಡಿರುತ್ತದೆ.

ಅಷ್ಟರಲ್ಲಿ ಮದುವೆಯ ಸೀರೆಗಳ ಕೆಲಸ ಬಂತು. ಎರಡು ವಾರ ನೀಲವ್ವ ಬಾಚಣಿಗೆ ಮುಟ್ಟಲಿಲ್ಲ. ಬೆಕ್ಕು ವಾಸನೆ ಹೊಡೆಯತೊಡಗಿದಾಗ, ತೊಳೆದರೆ ಸಿಕ್ಕೂ ಸಡಿಲವಾದೀತೆಂದು ಬಿಸಿನೀರಲ್ಲಿ ಮೀಯಿಸಿ ಬಿಸಿಲಿಗೆ ಬಿಟ್ಟಳು. ಒಣಗಿದ ಮೇಲೆ ನೋಡಿದರೆ ಕಿವಿಯ ಹಿಂದೆ, ಹೊಟ್ಟೆಯ ಕೆಳಗೆ ಕೂದಲೆಲ್ಲ ಗಟ್ಟಿ ಹಪ್ಪಳವಾಗಿತ್ತು. ಮುಟ್ಟಿದರೆ ಪರಚಿತು. ಗಂಟು ಚರ್ಮವನ್ನು ಎಳೆದು ಎರಡು ದಿನದಲ್ಲಿ ಕುಂಟತೊಡಗಿತು.

ಕೋಟೆಗುಡ್ಡದ ಕೆಳಗಿನ ಹೊಲದಲ್ಲಿ ಕುರಿ ಮಂದೆ ನಿಲ್ಲಿಸಿದ್ದ ಬೀರಲಿಂಗನ ನೆನಪಾಯಿತು. ಬುಟ್ಟಿ ಹೊತ್ತು ನಡೆದಳು. ಮುದುಕ ಬೆಕ್ಕಿನ ಹೊಟ್ಟೆಯ ಮೇಲೆ ಬೆರಳಾಡಿಸಿ ಕೇಳಿದ:

"ನೀರು ಹಾಕೀದೇನ ತಂಗಿ?"

"ಹೂಂ."

"ಗಂಟು ಬಿಡಸಲಾರದ ನೀರು ಹಾಕಿದ್ರ ಉಣ್ಣೆ ಬಿಗದಕೊಂತೈತಿ. ನೂಲು ಹಿಡಿಯೂ ಕೈ ನಿಂದು, ನಿನಗ ಹೇಳಬೇಕೇನ?"

ನೀಲವ್ವನ ಮುಖ ಸಣ್ಣದಾಯಿತು. ಬೀರಲಿಂಗ ಕುರಿಮರಿಯಂತೆ ಅದನ್ನು ಮೊಣಕಾಲ ನಡುವೆ ಹಿಡಿದು, ಉಣ್ಣೆ ಕತ್ತರಿಸುವ ಕತ್ತರಿಯಿಂದ ಒಂದು ತಾಸು ಮೆಲ್ಲಗೆ ಕೂದಲು ತೆಗೆದ. ಕೆಳಗೆ ಚರ್ಮ ಕೆಂಪಾಗಿತ್ತು. ಎಲ್ಲ ತೆಗೆದ ಮೇಲೆ ಉಳಿದದ್ದು ಒಂದು ಹಿಡಿಯಷ್ಟು ಜೀವ.

"ಇಷ್ಟಽ ಇತ್ತೇನ ಇದು!" ಎಂದಳು ನೀಲವ್ವ. ಬರುವಾಗ ಬುಟ್ಟಿಯಲ್ಲಿಡದೆ ಸೆರಗಿನಲ್ಲಿ ಸುತ್ತಿಕೊಂಡು ಬಂದಳು.

ಅಂದು ಸಂಜೆ ವಿಡಿಯೋ ಕಾಲ್‌ನಲ್ಲಿ ಬೆಕ್ಕನ್ನು ಕಂಡು ಉಮಾಶ್ರೀ ಅತ್ತೇಬಿಟ್ಟಳು.

"ಏನ್ ಮಾಡಿದೆವ್ವಾ ಇದನ್ನ? ದಿನಾ ಹತ್ತು ನಿಮಿಷ ಹಿಕ್ಕೂದು ಆಗಲಿಲ್ಲೇನ ನಿನಗ?"

ತಪ್ಪಾಯಿತು ಎನ್ನಲು ಬಾಯಿ ತೆರೆದಳು ನೀಲವ್ವ. ಬಂದದ್ದು ಬೇರೆ ಮಾತು.

"ಆಗಲಿಲ್ಲ ಉಮಾ. ಮಗ್ಗದಿಂದ ಎದ್ದಮ್ಯಾಲ ನನ್ನ ತಲಿ ನಾ ಹಿಕ್ಕೊಳ್ಳೂದಽ ಆಗವಲ್ದು."

ಮಗಳು ಫೋನನ್ನು ಮುಖದ ಹತ್ತಿರ ತಂದಳು. ಅವಳು ಈಗ ನೋಡುತ್ತಿದ್ದುದು ಬೆಕ್ಕನ್ನಲ್ಲ, ತಾಯಿಯ ಸಿಕ್ಕುಗಟ್ಟಿದ ತಲೆಯನ್ನು.

ರವಿವಾರ ಅತ್ತೆ ಬೇಡವೆಂದರೂ ಉಮಾಶ್ರೀ ತವರಿಗೆ ಬಂದಳು. ಬಾಗಿಲ ಬಳಿ ತಾಯಿಯನ್ನು ಕೂರಿಸಿ, ನೆತ್ತಿಗೆ ಎಣ್ಣೆ ಹಚ್ಚಿ ಒಂದೊಂದೇ ಸಿಕ್ಕು ಬಿಡಿಸತೊಡಗಿದಳು. "ನೋವಾದ್ರ ಹೇಳವ್ವಾ" ಎಂದದ್ದು ನೀಲವ್ವನ ಕಿವಿಗೆ ಬಿತ್ತೋ ಇಲ್ಲವೋ. ಕುಳಿತಲ್ಲಿಯೇ ಗೋಡೆಗೆ ಒರಗಿ ಅವಳು ನಿದ್ದೆಹೋಗಿದ್ದಳು.

ಉಮಾಶ್ರೀ ಎಬ್ಬಿಸಲಿಲ್ಲ. ಅವಳು ನರಗುಂದಕ್ಕೆ ಮರಳಬೇಕಿದ್ದ ನಾಲ್ಕು ಗಂಟೆಯ ಬಸ್ಸು ಹೋಯಿತು.