ಅಬ್ಬಾ ಕೂರಿಸಿದ ಕಾರ್ಡು

ಅಬ್ಬಾ ತೀರಿಕೊಂಡು ನಲವತ್ತನೇ ದಿನದ ಫಾತಿಹಾ ಮುಗಿದಿತ್ತು. ನನಗೆ ದುಃಖವೂ ಇರಲಿಲ್ಲ, ಹಸಿವೂ ಅಷ್ಟಕ್ಕಷ್ಟೇ. ಮುಂಡಗೋಡದ ಸ್ಕ್ಯಾನ್ ಸೆಂಟರಿನ ಮಹಾಬಳೇಶ್ವರ ಸರ್ ಫೋನ್ ಮಾಡಿದರು. ಅಬ್ಬಾನ ಕಂಪ್ಯೂಟರ್ ರಿಪೇರಿ ಕೆಲಸ ಈಗ ನನ್ನದು, ದಾಂಡೇಲಿಯಿಂದ ಬಸ್ ಹತ್ತಿದೆ.

ಸ್ಕ್ಯಾನ್‌ಗಳನ್ನೆಲ್ಲ ಕೂಡಿಡುವ ಅವರ ಸರ್ವರ್ ಕಂಪ್ಯೂಟರಿನ ಎಂಟು ಡಿಸ್ಕ್‌ಗಳಲ್ಲಿ ಒಂದು ಸತ್ತಿತ್ತು, ಇನ್ನೊಂದು ಕಟಕಟ ಎನ್ನುತ್ತಿತ್ತು. ಒಂದು ಹೋದರೆ ಹೇಗೋ ನಡೆಯುತ್ತದೆ. ಎರಡನೆಯದೂ ಹೋದರೆ ಎಲ್ಲರ ಸ್ಕ್ಯಾನೂ ಹೋದಂತೆ. ಹೆಸರಿನ ಪಟ್ಟಿ ಕೆಟ್ಟಿದ್ದರಿಂದ ಬೇಕಾದ್ದನ್ನಷ್ಟೇ ಆರಿಸಿ ತೆಗೆಯುವಂತಿರಲಿಲ್ಲ. ಕಟಕಟ ಎನ್ನುವುದು ಸಾಯುವುದರೊಳಗೆ ಎಲ್ಲವನ್ನೂ ಇಡಿಯಾಗಿ ಬೇರೆಡೆಗೆ ನಕಲು ಮಾಡಬೇಕಿತ್ತು.

ಬೆಂಚಿನ ಮೇಲೆ ಮಳಗಿ ಊರ ಕಡೆಯ ಮೋತಿಬಾಯಿ ಕಾಯುತ್ತಿದ್ದರು. ಅವರ ಹೊಟ್ಟೆಯ ಗಡ್ಡೆ ಬೆಳೆದಿದೆಯೇ ಎಂದು ತಾಳೆ ನೋಡಲು ಹುಬ್ಬಳ್ಳಿಯ ಡಾಕ್ಟರಿಗೆ ಮೂರು ವರ್ಷ ಹಿಂದಿನ ಸ್ಕ್ಯಾನ್ ಬೇಕಿತ್ತು. ಬೆಳೆದಿಲ್ಲವಾದರೆ ಕೊಯ್ಯುವುದಿಲ್ಲ.

“ಸಿಗತೈತೇನವ್ವಾ?”

“ಸಿಗತೈತಿ, ಕೂಡ್ರಿ,” ಎಂದೆ.

ಇಷ್ಟು ಡಿಸ್ಕ್ ಸೇರಿ ಸೆಕೆಂಡಿಗೆ ಸಾವಿರ ಎಂಬಿ ಕೊಡಬೇಕು. ಬರುತ್ತಿದ್ದದ್ದು ಇನ್ನೂರು. ಮುಚ್ಚಳ ತೆಗೆದ ಕೂಡಲೇ ಕಾರಣ ಕಂಡಿತು. ಡಿಸ್ಕ್‌ಗಳೆಲ್ಲ ಬಂದು ಸೇರುವ ಕಂಟ್ರೋಲರ್ ಕಾರ್ಡು ಕೆಳಗಿನ ಸ್ಲಾಟಿನಲ್ಲಿತ್ತು. ನೋಡಲು ಅದೂ ಉದ್ದವೇ, ಒಳಗೆ ಡೇಟಾ ಹರಿಯುವ ದಾರಿ ಮಾತ್ರ ಒಂದೇ. ಮೇಲಿನದರಲ್ಲಿ ಎಂಟು. ದಿನಕ್ಕೆ ನಾಲ್ಕು ಸ್ಕ್ಯಾನ್ ಇಡಲು ಒಂದು ದಾರಿ ಧಾರಾಳವಾಗಿ ಸಾಕಾದ್ದರಿಂದ ಯಾರಿಗೂ ಗೊತ್ತಾಗಿರಲಿಲ್ಲ. ಬದಲಿಸಲು ಹತ್ತು ನಿಮಿಷದ ಕೆಲಸ.

ಆದರೆ ಕೂರಿಸಿದ್ದು ಅಬ್ಬಾ. ನಮ್ಮ ಮೆಕ್ಯಾನಿಕ್‌ಗಳಲ್ಲಿ ಒಂದು ರಿವಾಜಿದೆ: ಕಲಿಸಿದ ಉಸ್ತಾದ್ ಕೂರಿಸಿದ್ದನ್ನು ಅವರನ್ನು ಕೇಳದೆ ಕಲಿತ ಶಾಗಿರ್ದ್ ಕೀಳುವುದಿಲ್ಲ. ನನಗೆ ಸ್ಕ್ರೂಡ್ರೈವರ್ ಹಿಡಿಯಲು ಕಲಿಸಿದವರು ಅವರೇ. ಇನ್ನು ಕೇಳುವುದು ಯಾರನ್ನು? ಮಹಾ ವಿಧೇಯಳಂತೆ ಕೇಬಲ್ ಬದಲಿಸಿದೆ, ಸೆಟ್ಟಿಂಗ್ ತಿರುವಿದೆ, ಪ್ರತಿ ಸಲ ಮೊದಲಿನಿಂದ ನಕಲು ಶುರು ಮಾಡಿದೆ. ತಪ್ಪು ಎಲ್ಲಿದೆಯೆಂದು ಗೊತ್ತಿದ್ದೂ ಎರಡು ತಾಸು ಬೇರೆಲ್ಲ ಕಡೆ ಹುಡುಕಿದೆ.

ಕೊನೆಗೆ ಬಿಸ್ಮಿಲ್ಲಾ ಎಂದು ಕಾರ್ಡು ಕಿತ್ತು ಮೇಲೆ ಹಾಕಿದೆ. ವೇಗ ಒಂಬೈನೂರ ಎಂಬತ್ತಕ್ಕೇರಿತು. ಸಂತೋಷವೇನೂ ಆಗಲಿಲ್ಲ. ಮೋತಿಬಾಯಿ ಬುತ್ತಿಯ ರೊಟ್ಟಿ ಮುರಿದು ಕೊಟ್ಟರು, ತಿಂದೆ.

ನಕಲು ನೂರಕ್ಕೆ ತೊಂಬತ್ತೊಂದು ಮುಗಿದಾಗ ಕಟಕಟ ನಿಂತಿತು, ಆ ಡಿಸ್ಕೂ ಸತ್ತಿತು. ಬಂದದ್ದನ್ನು ತೆರೆದು ನೋಡಿದರೆ, ಮೋತಿಬಾಯಿಗೆ ಬೇಕಾದ ವರ್ಷವೇ ಅದರಲ್ಲಿರಲಿಲ್ಲ.

“ರಜಾಕಭಾಯಿ ಅವತ್ತ ಕಾರ್ಡ್ ಸರಿ ಹಾಕಿದ್ರ ಹಿಂಗ ಆಗ್ತಿರಲಿಲ್ಲ,” ಎಂದರು ಸರ್, ಅಬ್ಬಾನ ಹೆಸರು ಹಿಡಿದು.

“ಸತ್ತಾವ್ರಿಗೆ ಯಾಕ ಅಂತೀರಿ ಸಾಹೇಬ್ರ? ನನ್ನ ಹಣೇಬಾರ,” ಎಂದರು ಮೋತಿಬಾಯಿ.

ಆ ಮಾತು ಕೇಳಿ ನನಗೆ ಬಹಳ ನಾಚಿಕೆಯಾಯಿತು.

“ಹಣೇಬಾರ ಅಲ್ರಿ. ಮುಚ್ಚಳಾ ತಗದಾಗನ ನನಗ ಗೊತ್ತಾಗಿತ್ತು. ಅಬ್ಬಾ ಹಾಕಿದ್ದು ಅಂತ ಎರಡು ತಾಸು ಮುಟ್ಟಲಿಲ್ಲ. ಆ ಎರಡು ತಾಸು ಇದ್ದಿದ್ರ ನಿಮ್ಮದು ಸಿಗತಿತ್ತು.”

ಮೋತಿಬಾಯಿ ನನ್ನನ್ನು ನೋಡಿದರು. ಚೀಲ ಎತ್ತಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದರು.

“ನಾನೂ ಬರ್ತೇನ್ರಿ. ಸ್ಕ್ಯಾನ್ ಹೋಗಿದ್ದು ನನ್ನಿಂದ ಅಂತ ಡಾಕ್ಟರಿಗೆ ನಾನ ಹೇಳ್ತೇನಿ,” ಎನ್ನುತ್ತ ಹಿಂದೆ ಹೋದೆ.

ಅವರು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಪಕ್ಕದ ಸೀಟಿನ ಮೇಲೆ ಚೀಲ ಇಟ್ಟುಕೊಂಡರು. ನಾನು ಹುಬ್ಬಳ್ಳಿಯವರೆಗೆ ನಿಂತೇ ಹೋದೆ.