ಗುಡಿಸದೆ ಬಿಟ್ಟ ಮುಳ್ಳು

ಕಾಲುವೆ ದಡದ ದಾರಿಗೆ ಡಾಂಬರು ಹಾಕಿ ಮುಗಿಸಿದ ವಾರವೇ ಅಕ್ಕ ಗಿಲೇನ್ ಒಂದು ಅರ್ಜಿ ಹಿಡಿದು ನನ್ನ ಮನೆಗೆ ಬಂದಳು. ಅದುವರೆಗೆ ಅದು ಹುಲ್ಲುದಾರಿ. ದಡದಲ್ಲಿ ನಡೆದು ದೋಣಿ ಎಳೆಯುತ್ತಿದ್ದ ಕುದುರೆಗಳ ಕಾಲ ಹೋದ ಮೇಲೆ ನಮ್ಮ ಅಪ್ಪನ ಟ್ರಾಕ್ಟರು ಅದರ ಮೇಲೆ ಓಡಾಡುತ್ತಿತ್ತು, ಅಪ್ಪನ ನಂತರ ಅಕ್ಕನದು. ಈಗ ಸೈಕಲ್ಲಿನವರಿಗೆ ಮಾತ್ರ ಎಂದು ಎರಡೂ ತುದಿಯಲ್ಲಿ ಕಬ್ಬಿಣದ ಅಡ್ಡಗಂಬ ನಿಲ್ಲಿಸಿ ಬೀಗ ಹಾಕಿದ್ದರು. ಕೀಲಿ ನನ್ನ ಜೇಬಿನಲ್ಲಿತ್ತು. ನಾನು ನೀರಬಾಗಿಲು ಕಾಯುವವಳು. ದೋಣಿ ಬಂದರೆ ಹಿಂದೆ ಮುಂದೆ ಬಾಗಿಲು ಮುಚ್ಚಿ, ನೀರು ತುಂಬಿಸಿ ಮೇಲಕ್ಕೆ ಏರಿಸುವುದು, ಇಲ್ಲವೇ ಖಾಲಿ ಮಾಡಿ ಕೆಳಕ್ಕೆ ಇಳಿಸುವುದು ನನ್ನ ಕೆಲಸ. ಡಾಂಬರು ಬಂದ ಮೇಲೆ ದಾರಿಯ ಕಾವಲೂ ನನ್ನ ತಲೆಗೇ ಬಿತ್ತು.

"ಇಲ್ಲೊಂದು ಸಹಿ ಹಾಕು ಬ್ಲಾಂದೀನ್," ಎಂದಳು ಅಕ್ಕ, ಕೂರದೆ. "ಈ ದಾರಿ ನಂಗೆ ಬೇಕೇ ಬೇಕು ಅಂತ ನೀನು ಬರೆದ್ರೆ ಕಾಲುವೆ ಕಚೇರಿಯೋರು ಇನ್ನೊಂದು ಕೀಲಿ ಕೊಡ್ತಾರಂತೆ."

ಅವಳ ಬಿಳಿ ದನಗಳು ಮೇಯುವುದು ಕೆಳಗಿನ ಹುಲ್ಲುಗಾವಲಿನಲ್ಲಿ. ದಡದ ಮೇಲೆ ಹೋದರೆ ಟ್ರಾಕ್ಟರಿಗೆ ಕಟ್ಟಿ ಒಯ್ಯುವ ಅವುಗಳ ನೀರಿನ ಟ್ಯಾಂಕರು ಹತ್ತು ನಿಮಿಷಕ್ಕೆ ಮುಟ್ಟುತ್ತದೆ. ಊರ ಸೇತುವೆ ಬಳಸಿ ಹೋದರೆ ಮುಕ್ಕಾಲು ಗಂಟೆ. ಇದು ನನಗೂ ಗೊತ್ತಿತ್ತು.

"ಟ್ರಾಕ್ಟರು ಹತ್ತಿದ್ರೆ ಡಾಂಬರಿನ ಅಂಚು ಒಡೆಯುತ್ತೆ. ಹಾಕಕ್ಕಾಗಲ್ಲ."

"ಓಹೋ! ಯಾವಾಗಿಂದ ಇಂಜಿನಿಯರ್ ಆದ್ಯೇ?"

"ಅಷ್ಟು ಕಷ್ಟ ಆದ್ರೆ ದನ ಮಾರು."

ಅವಳು ಕಾಗದ ಮಡಿಸಿದಳು. ನಿಧಾನವಾಗಿ ಮಡಿಸಿದಳು. "ಅಪ್ಪನ ವಿಷಯಕ್ಕೆ ತಾನೇ ಇದೆಲ್ಲ? ಹೇಳ್ಬಿಡು, ಡಾಂಬರು ಗೀಂಬರು ಅಂತ ಯಾಕೆ ನಾಟಕ?"

ಅಪ್ಪ ಸತ್ತದ್ದು ಬೆಳಿಗ್ಗೆ ಏಳಕ್ಕೆ. ಅಕ್ಕ ನನಗೆ ಫೋನು ಮಾಡಿದ್ದು ಸಂಜೆ ಐದಕ್ಕೆ. ನಮ್ಮಿಬ್ಬರ ಮನೆಗಳ ನಡುವೆ ಎರಡೇ ಕಿಲೋಮೀಟರು. ಯಾಕೆ ಹೇಳಲಿಲ್ಲ ಎಂದು ಹೆಣದ ಮುಂದೆ ಕೇಳಿದ್ದಕ್ಕೆ, "ದೋಣಿಗಳನ್ನ ಬಿಟ್ಟು ಬರ್ತಿದ್ದ್ಯಾ ನೀನು?" ಎಂದಿದ್ದಳು. ಆರು ವರ್ಷವಾದರೂ ಆ ಮಾತನ್ನು ನಾನು ಮರೆತಿರಲಿಲ್ಲ.

ಆ ಬೇಸಿಗೆ ದಾರಿಯ ಮೇಲೆ ಸೈಕಲ್ಲುಗಳು ಸಾಲುಗಟ್ಟಿದವು. ಕಾರಿಲ್ಲ, ಲಾರಿಯಿಲ್ಲ, ಒಂದು ಕಡೆ ಕಾಲುವೆ, ಇನ್ನೊಂದು ಕಡೆ ಯೋನ್ ನದಿ. ಮಕ್ಕಳನ್ನು ಹಿಂದೆ ಕಟ್ಟಿಕೊಂಡವರು, ಡೇರೆ ಹೇರಿಕೊಂಡವರು, ಬಣ್ಣದ ಬಿಗಿ ಅಂಗಿಯವರು ಎಲ್ಲರೂ ನನ್ನ ಅಂಗಳದಲ್ಲಿ ನಿಂತು ನೀರು ಕುಡಿದು, "ಎಂಥ ಪುಣ್ಯವಂತರು ನೀವು!" ಎಂದು ಹೋಗುತ್ತಿದ್ದರು. ಆಚೆ ಸುತ್ತು ರಸ್ತೆಯಲ್ಲಿ ಅಕ್ಕನ ಟ್ರಾಕ್ಟರು ಏದುಸಿರು ಬಿಡುತ್ತ ಏರುವುದು ಕೇಳಿಸುತ್ತಿತ್ತು. ನನಗೆ ಅದನ್ನು ಕೇಳಲು ಹಿತವಾಗಿತ್ತು. ಸುಳ್ಳು ಯಾಕೆ ಹೇಳಲಿ.

ಸೆಪ್ಟೆಂಬರಿನ ಒಂದು ಸೋಮವಾರ ಅಕ್ಕ ದಾರಿಗೆ ಹೊಂದಿಕೊಂಡ ತನ್ನ ಮುಳ್ಳುಬೇಲಿ ಕತ್ತರಿಸಿದಳು. ಪ್ರತಿ ವರ್ಷ ಕತ್ತರಿಸಿದ್ದನ್ನು ಒಳಕ್ಕೆ ಎಳೆದು ಸುಡುತ್ತಿದ್ದವಳು ಈ ಸಲ ಹಾಗೇ ಬಿಟ್ಟಳು. ಇನ್ನೂರು ಅಡಿ ಉದ್ದಕ್ಕೆ ಡಾಂಬರಿನ ಮೇಲೆ ಬೆರಳುದ್ದದ ಕರಿ ಮುಳ್ಳು. ಮಧ್ಯಾಹ್ನದೊಳಗೆ ಐದು ಜನ ಗಾಳಿ ಹೋದ ಸೈಕಲ್ಲು ತಳ್ಳಿಕೊಂಡು, ಬೈದುಕೊಳ್ಳುತ್ತ ನನ್ನಲ್ಲಿಗೆ ಬಂದರು. ನಾನು ಬೇಲಿಯ ಹತ್ತಿರ ಹೋಗಿ ಕೂಗಿದೆ.

"ಏನಕ್ಕ ಇದು? ಮುಳ್ಳು ಯಾರು ತೆಗೀಬೇಕು?"

"ದಾರಿ ನಿಂದಲ್ವಾ ಮಹಾರಾಣಿ? ಗುಡಿಸ್ಕೋ. ಸಂಬಳ ನಿಂಗೆ ತಾನೇ ಬರೋದು."

"ಕಚೇರಿಗೆ ಬರೀತೀನಿ."

"ಬರಿ. ಅಕ್ಷರ ತಪ್ಪಿಲ್ದೆ ಬರಿ."

ಗುಡಿಸಿದ್ದರೆ ಅರ್ಧ ಗಂಟೆಯ ಕೆಲಸ. ಪೊರಕೆ ನನ್ನ ಬಾಗಿಲ ಹಿಂದೆಯೇ ಇತ್ತು. ಆದರೆ ನಾನು ಗುಡಿಸಿದರೆ ಅವಳು ಗೆದ್ದಂತೆ, ಸಾಕ್ಷಿಯೂ ಹೋದಂತೆ ಎಂದುಕೊಂಡೆ. ಫೋನಿನಲ್ಲಿ ಫೋಟೋ ತೆಗೆದೆ. ಮಂಗಳವಾರ ಮತ್ತೆ ತೆಗೆದೆ, ಬುಧವಾರ ಮತ್ತೆ. ನಾಲ್ಕೈದು ದಿನದ ಫೋಟೋ ಒಟ್ಟಿಗೆ ಕಳಿಸಿದರೆ ದೂರಿಗೆ ತೂಕ ಬರುತ್ತದೆ ಎಂದು ನನ್ನ ಲೆಕ್ಕಾಚಾರ. ಬಂದವರ ಟ್ಯೂಬಿಗೆ ತೇಪೆ ಹಾಕಿ, ನೋಡಿ ನಮ್ಮ ಅಕ್ಕ ಎಂಥವಳು ಎಂದು ಹೇಳಿ ಕಳಿಸುತ್ತಿದ್ದೆ.

ಗುರುವಾರ ಹನ್ನೊಂದರ ಹೊತ್ತು. ನಾನು ಒಂದು ದೋಣಿಯನ್ನು ಇಳಿಸುತ್ತಿದ್ದೆ. ಕೆಳಗಡೆಯಿಂದ ಯಾರೋ ಗಂಡಸು "ಎಡ್ವೀಜ್! ಎಡ್ವೀಜ್!" ಎಂದು ಒಂದೇ ಸಮನೆ ಕಿರುಚುವುದು ಕೇಳಿಸಿತು. ಸೈಕಲ್ಲು ಹತ್ತಿ ಓಡಿಸಿದೆ.

ಇಬ್ಬರು ಹಿಂದೆ ಮುಂದೆ ಕೂತು ತುಳಿಯುವ ಉದ್ದನೆಯ ಸೈಕಲ್ಲು ದಾರಿಗಡ್ಡ ಬಿದ್ದಿತ್ತು, ಮುಂದಿನ ಚಕ್ರ ಚಪ್ಪಟೆಯಾಗಿತ್ತು. ಅದರ ಪಕ್ಕ ಎಪ್ಪತ್ತು ದಾಟಿದ ಒಬ್ಬರು ಮಂಡಿಯೂರಿ ಎರಡೂ ಕೈಯಿಂದ ಡಾಂಬರನ್ನು ತಡಕುತ್ತಿದ್ದರು. ಅಂಗೈಗಳಿಗೆ ಮುಳ್ಳು ಹೊಕ್ಕು ರಕ್ತ ಸುರಿಯುತ್ತಿತ್ತು. ಅವರಿಗೆ ಕಣ್ಣು ಕಾಣದು ಎಂದು ಆಗ ತಿಳಿಯಿತು. ಹೆಂಡತಿ ಎಡ್ವೀಜ್ ಮುಂದೆ ಕೂತು ಸೈಕಲ್ಲು ನಡೆಸುತ್ತಿದ್ದವರು. ಚಕ್ರ ಒಡೆದಾಗ ದಡದ ಕಲ್ಲಿಗೆ ಬಡಿದು ಕಾಲುವೆಗೆ ಬಿದ್ದಿದ್ದರು.

ಅಕ್ಕ ನೀರಿನಲ್ಲಿದ್ದಳು. ತನ್ನದೇ ಬೇಲಿ ಸೀಳಿಕೊಂಡು ಬಂದಿದ್ದಳು. ಮುಖ, ತೋಳು ಎಲ್ಲ ಗೀರು. ಕತ್ತಿನವರೆಗೆ ನೀರಿನಲ್ಲಿ ನಿಂತು ಆ ಹೆಂಗಸಿನ ತಲೆಯನ್ನು ತನ್ನ ಭುಜದ ಮೇಲೆ ಎತ್ತಿ ಹಿಡಿದಿದ್ದಳು.

"ಇದ್ದಾರೆ, ಉಸಿರಾಡ್ತಿದ್ದಾರೆ ಕಣ್ರೀ, ಕೂಗ್ಬೇಡಿ!" ಎಂದು ಆ ಗಂಡಸಿಗೆ ಹೇಳಿ ನನ್ನ ಕಡೆ ತಿರುಗಿದಳು. "ಏನೇ ನೋಡ್ತಾ ನಿಂತಿದ್ದೀಯ? ಆಂಬುಲೆನ್ಸಿಗೆ ಫೋನು ಮಾಡು!"

ಮಾಡಿದೆ. ದಡದ ಮೇಲೆ ಬೋರಲು ಮಲಗಿ ಎಡ್ವೀಜರ ಕಂಕುಳಿಗೆ ಕೈ ಕೊಟ್ಟು ಹಿಡಿದುಕೊಂಡೆ. ಸೊಂಟ ಮುರಿದಂತಿದ್ದುದರಿಂದ ಎಳೆಯಲು ಇಬ್ಬರಿಗೂ ಧೈರ್ಯ ಬರಲಿಲ್ಲ. ಅಕ್ಕನ ಮುಖ ನನ್ನ ಮುಖಕ್ಕೆ ಒಂದು ಗೇಣು ದೂರದಲ್ಲಿತ್ತು. ಅವಳ ಹಲ್ಲು ಕಟಕಟ ಎನ್ನುತ್ತಿತ್ತು. ಕಾಲು ಗಂಟೆಯ ಮೇಲೆ ಸೈರನ್ ಕೇಳಿತು. ಹತ್ತಿರ ಬಂದು ಒಂದೇ ಕಡೆ ನಿಂತುಬಿಟ್ಟಿತು.

"ನಿನ್ನ ಕಂಬ ತೆಗಿಯೇ ಹೋಗಿ! ಹೋಗು!" ಎಂದು ಅಕ್ಕ ಚೀರಿದಳು.

ಸೈಕಲ್ಲು ಹತ್ತಿದೆ. ಹತ್ತು ಮಾರು ಹೋಗುವುದರಲ್ಲಿ ಎರಡೂ ಚಕ್ರ ಕೂತವು. ಬಿಸಾಕಿ ಓಡಿದೆ. ಅರ್ಧ ಕಿಲೋಮೀಟರು. ಬೀಗ ತೆಗೆಯುವಾಗ ಕೀಲಿ ಎರಡು ಸಲ ಕೆಳಗೆ ಬಿತ್ತು. ಆಂಬುಲೆನ್ಸಿನವನೊಬ್ಬ ಬೈದದ್ದು ನನಗೇ ಎಂದು ಗೊತ್ತಿತ್ತು.

ಎಡ್ವೀಜರನ್ನು ಹಲಗೆಗೆ ಕಟ್ಟಿ ಒಯ್ದ ಮೇಲೆ ಪೊಲೀಸ್ ಅಧಿಕಾರಿ ಬಂದ. ಗಂಡ ಆನ್ಸೆಲ್ಮ್ ಎರಡನೆಯ ಗಾಡಿಗೆ ಕಾಯುತ್ತ ಕಂಬಳಿ ಹೊದ್ದು ಕಲ್ಲಿನ ಮೇಲೆ ಕೂತಿದ್ದರು. ಅಕ್ಕ ತೊಟ್ಟಿಕ್ಕುತ್ತ ನಿಂತಿದ್ದಳು.

"ಈ ಮುಳ್ಳು ಎಲ್ಲಿಂದ ಬಂತು?" ಎಂದ ಅಧಿಕಾರಿ.

ಅಕ್ಕ ನನ್ನನ್ನೇ ನೋಡಿದಳು. ಬೇಡಿಕೊಳ್ಳುವ ನೋಟವಲ್ಲ ಅದು. ನೋಡೋಣ, ಹೇಳು ಎನ್ನುವ ನೋಟ.

"ಇವಳ ಬೇಲಿದು," ಎಂದೆ. "ಬೇಕೂಂತ ಬಿಟ್ಟಿದ್ದು. ನನ್ನ ಹತ್ರ ಸಾಕ್ಷಿ ಇದೆ."

ಫೋನು ತೆಗೆದುಕೊಟ್ಟೆ. ಅವನು ಒಂದೊಂದೇ ಫೋಟೋ ಸರಿಸಿದ. ಮತ್ತೆ ಹಿಂದಕ್ಕೆ ಸರಿಸಿದ.

"ಸೋಮವಾರ, ಮಂಗಳವಾರ, ಬುಧವಾರ, ಇವತ್ತು ಬೆಳಿಗ್ಗೆ ಕೂಡ. ನಾಲ್ಕು ದಿನ ಫೋಟೋ ತೆಗೆದಿದ್ದೀರಿ. ಈ ದಾರಿ ನೋಡಿಕೊಳ್ಳೋರು ಯಾರಮ್ಮ?"

"ನಾನು."

"ಪೊರಕೆ ಇಲ್ವಾ ನಿಮ್ಮ ಹತ್ರ?"

ಆನ್ಸೆಲ್ಮ್ ತಲೆಯೆತ್ತಿದರು. ನನ್ನ ದನಿಗೂ ಅಕ್ಕನ ಬಟ್ಟೆಯಿಂದ ನೀರು ತೊಟ್ಟಿಕ್ಕುವ ಸದ್ದಿಗೂ ನಡುವೆ ಎಲ್ಲೋ ಮುಖ ಮಾಡಿ, "ಒಬ್ಬಳು ಹಾಕಿದ್ದಾಳೆ, ಒಬ್ಬಳು ಕಾದಿದ್ದಾಳೆ," ಎಂದರು. "ನಲವತ್ತು ವರ್ಷದಿಂದ ನನ್ನನ್ನ ಬೀಳಿಸದೆ ಕರ್ಕೊಂಡು ಓಡಾಡ್ತಿದ್ಲು ಅವಳು. ಥೂ ನಿಮ್ಮ."

ಅಧಿಕಾರಿ ನನ್ನ ಫೋನನ್ನು ವಾಪಸು ಕೊಡಲಿಲ್ಲ.

ಚಳಿಗಾಲದಲ್ಲಿ ನ್ಯಾಯಾಲಯ ಅಕ್ಕನಿಗೆ ದಂಡ ಹಾಕಿತು. ನನ್ನ ಮೇಲೆ ಮೊಕದ್ದಮೆ ಆಗಲಿಲ್ಲ. ಮೇಲಿನವರು ಕರೆಸಿ, ನಿಲ್ಲಿಸಿ ಬೈದು, ನಲವತ್ತು ಕಿಲೋಮೀಟರು ದೂರದ ಇನ್ನೊಂದು ನೀರಬಾಗಿಲಿಗೆ ಕಳಿಸಿದರು. ಆದರೆ ನನಗೆ ನೆನಪಾಗುವುದು ಅದಲ್ಲ. ಎಡ್ವೀಜ್ ಬಿದ್ದ ಹತ್ತನೆಯ ದಿನ ಆಸ್ಪತ್ರೆಗೆ ಹೋದದ್ದು.

ಕೋಣೆಯ ಬಾಗಿಲಿಗೆ ಬರುವ ಹೊತ್ತಿಗೆ ಒಳಗಿಂದ ಅಕ್ಕ ಹೊರಗೆ ಬಂದಳು. ಹಬ್ಬಕ್ಕೆ ತೊಡುವ ಕೋಟು ಹಾಕಿದ್ದಳು. ಮುಖದ ಗೀರುಗಳು ಕಪ್ಪಾಗಿದ್ದವು. ಬಾಗಿಲನ್ನು ಬೆನ್ನ ಹಿಂದೆ ಎಳೆದುಕೊಂಡು ಅಡ್ಡ ನಿಂತಳು.

"ಮಲಗಿಬಿಟ್ರು. ಈಗ ಹೋಗ್ಬೇಡ."

"ಮಾತಾಡೋದು ಕೇಳಿಸ್ತಿದೆ."

"ಮಲಗಿದ್ದಾರೆ ಅಂದ್ನಲ್ಲ."

"ಅಪ್ಪನ ಹತ್ರ ಬಿಡ್ಲಿಲ್ಲ. ಇಲ್ಲೂ ಬಿಡಲ್ವಾ?"

ಅವಳು ಬಾಗಿಲ ಹಿಡಿಯಿಂದ ಕೈ ತೆಗೆದಳು. "ನಂಗೇ ಒಳಗೆ ಏನು ಹೇಳ್ಬೇಕೋ ಗೊತ್ತಾಗ್ಲಿಲ್ಲ," ಎಂದಳು. "ನೀನು ಹೋಗಿ ಚೆನ್ನಾಗಿ ಮಾತಾಡಿ ಬರ್ತೀಯ. ನಿಂಗೆ ಅದು ಬರುತ್ತೆ." ಹಾಗೆಂದು ನನ್ನ ಭುಜಕ್ಕೆ ಭುಜ ತಾಗಿಸಿಕೊಂಡೇ ದಾಟಿ, ಮೆಟ್ಟಿಲಿಳಿದು ಹೋದಳು.

ಬಾಗಿಲು ತಟ್ಟಿದೆ.

"ಯಾರು?" ಎಂದರು ಆನ್ಸೆಲ್ಮ್.

ಏನೇನೋ ಸಿದ್ಧ ಮಾಡಿಕೊಂಡು ಹೋಗಿದ್ದೆ. ಬಾಯಿಗೆ ಬಂದದ್ದು ಬೇರೆ. "ಗುಡಿಸದೆ ಬಿಟ್ಟೋಳು."

ಒಳಗೆ ಗಂಡಹೆಂಡತಿ ತಗ್ಗಿದ ದನಿಯಲ್ಲಿ ಏನೋ ಮಾತಾಡಿಕೊಂಡರು. ಬೇಡ ಎನ್ನುವುದು ಅವರದು, ಇರಲಿ ಬಿಡಿ ಎನ್ನುವುದು ಆಕೆಯದು. ಕೊನೆಗೆ ಎಡ್ವೀಜರೇ ಕರೆದರು.

"ಬನ್ನಿ. ಕೂರಬೇಡಿ. ನಿಂತೇ ಹೇಳಿ."

ನಾನು ಒಳಗೆ ಹೋದೆ. ನಿಂತೇ ಹೇಳಿದೆ, ಸೋಮವಾರದಿಂದ ಶುರುಮಾಡಿ.